ಬೋಲ್ಟಿಗೆ ಬಳಿದ ಕರಿ ಬಣ್ಣ

ಅಪ್ಪ,

ಒಂದೇ ಸೂರಿನ ಕೆಳಗೆ ಮಲಗಿ, ಒಂದೇ ಪಾತ್ರೆಯ ಮುದ್ದೆ ಉಂಡು, ನಿನಗೆ ಕಾಗದ ಬರೆಯುವಂಥ ಗತಿ ತಂದುಕೊಂಡ ಮಗಳು ವೀಣಳ ನಮಸ್ಕಾರ. ಸ್ಟೇರಿಂಗಿಗೆ ಸುತ್ತಿರುವ ಈ ಹಾಳೆಗಳನ್ನು ನೋಡಿ 'ಇದ್ಯಾವ ವಸಾ ನಾಟ್ಕ' ಅಂತ ನೀನು ಗೊಣಗುವುದು ನನಗೆ ಈಗಲೇ ಕೇಳಿಸುತ್ತಿದೆ. ಕೀ ತಿರುಗಿಸುವ ಮೊದಲು ಓದು. ಕನ್ನಡಕ ನಿನ್ನ ಅಂಗಿ ಜೇಬಿನಲ್ಲೇ ಇದೆ, ಅವ್ವನನ್ನು ಕೂಗಬೇಡ.

ಬಾಯಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಹತ್ತಿರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ 'ಗೊತ್ತು ಬುಡವ್ವ' ಅಂದು ನೀನು ಎದ್ದುಬಿಡುತ್ತೀಯ. ಉಳಿದರ್ಧ ನನ್ನ ಗಂಟಲಲ್ಲಿ ಉಳಿಯುತ್ತದೆ. ಕಾಗದದ ಮುಂದೆ ನೀನು ಎಷ್ಟು ಕೂಗಾಡಿದರೂ ಮುಂದಿನ ಸಾಲು ಅಲ್ಲೇ ಕೂತಿರುತ್ತದೆ. ಅದಕ್ಕೇ ನೀನು ಡೇರಿಗೆ ಹಾಲು ಹಾಕಲು ಹೋಗಿರುವಾಗ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನನಗೆ ನಾಚಿಕೆಯಾಗಿದೆ ಅಪ್ಪ. ನಿನ್ನಿಂದ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ನನ್ನಿಂದಲೇ ನನಗೆ ನಾಚಿಕೆ. ಮದ್ದೂರಿಗೆ ಹೋದರೆ ಮಾರ್ಕೆಟ್ಟಿನ ಕಡೆ ತಲೆ ಎತ್ತಿ ನೋಡಲು ಆಗುತ್ತಿಲ್ಲ. ಇಲ್ಯಾಸ್ ಮಾಮನ ರಿಪೇರಿ ಶೆಡ್ಡು ಬಂದಾಗ ಗಾಡಿಯ ಗಾಜು ಏರಿಸಿಕೊಂಡು, ಏನೋ ರಸ್ತೆಯಲ್ಲಿ ಬಿದ್ದಿದೆ ಅನ್ನುವ ಹಾಗೆ ಇನ್ನೊಂದು ಕಡೆಗೆ ನೋಡುತ್ತಾ ದಾಟಿ ಬರುತ್ತೇನೆ. ನನಗೆ ಕ್ಲಚ್ ಬಿಡುವುದು ಕಲಿಸಿದ ಮನುಷ್ಯನ ಶೆಡ್ಡು ಅದು.

ನೀನು ಕೂಗುತ್ತೀಯ ಅಂತ ಹೆದರಿ ನಾನು ಡ್ರೈವಿಂಗ್ ಕಲಿಯಲು ಅವರ ಹತ್ತಿರ ಹೋದದ್ದು ನಿನಗೂ ಗೊತ್ತು. 'ಬೈಸ್ಕೊಂಡ್ ಕಲ್ತೋರು ಬೈಕೊಂಡೇ ಓಡುಸ್ತಾರೆ ಕಣವ್ವ' ಅನ್ನುತ್ತಿದ್ದರು. ಗಾಡಿ ಕೆಟ್ಟರೆ ಎಲ್ಲಿಂದ ಹುಡುಕಬೇಕು ಅನ್ನುವುದನ್ನೂ ಅವರೇ ಹೇಳಿಕೊಟ್ಟರು. 'ಮೊದ್ಲು ಪೀಜು ನೋಡು, ಆಮ್ಯಾಕೆ ರಿಲೇ, ಆಮ್ಯಾಕೆ ವೈರು. ಮೋಟ್ರಿಗೆ ಕೈ ಆಕೋದು ಎಲ್ಲದ್ಕಿಂತ ಕಡೇಗೆ.' ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಯುಧಪೂಜೆ ಕಳೆದ ಮೇಲೆ ನಮ್ಮ ಗಾಡಿ ಕಾಯಲು ಶುರುವಾಯಿತು. ಓಡುತ್ತಿರುವಾಗ ಏನೂ ಇಲ್ಲ, ಎದುರು ಗಾಳಿ ರೇಡಿಯೇಟರನ್ನು ತಣ್ಣಗೆ ಇಡುತ್ತದೆ. ಎಳನೀರು ತುಂಬಿಕೊಂಡು ಮಾರ್ಕೆಟ್ಟಿನ ಸಾಲಿನಲ್ಲಿ ನಿಂತರೆ ಮಾತ್ರ ಬಿಸಿ ತೋರಿಸುವ ಮುಳ್ಳು ಏರುತ್ತಿತ್ತು. ನಿಂತಾಗ ಗಾಳಿ ಬೀಸಬೇಕಾದ ಫ್ಯಾನು ತಿರುಗುತ್ತಿರಲಿಲ್ಲ. ಸುಮ್ಮನೆ ನಿಂತರೇ ಬಿಸಿ ಏರುವುದು ಗಾಡಿಗೂ ನಿನಗೂ ಇರುವ ಒಂದೇ ಕಾಯಿಲೆ ಅಂತ ಅವ್ವ ಒಳಗೆ ನಕ್ಕಿದ್ದಳು.

ನೀನು ಗಾಡಿಯನ್ನು ಶೆಡ್ಡಿಗೆ ಒಯ್ದೆ. ನಾನೂ ಪಕ್ಕದಲ್ಲಿದ್ದೆ. ಇಳಿಯುವ ಮೊದಲೇ ನೀನು 'ಪ್ಯಾನ್ ಮೋಟ್ರು ಓಗ್ಬುಟ್ಟದೆ, ಬದ್ಲಾಯ್ಸ್ಲಾ' ಅಂದೆ. ಇಲ್ಯಾಸ್ ಮಾಮ 'ತಡ್ಲಾ ಮಾದೇವು, ಒಂದ್ಸಲ ನೋಡ್ಬುಡ್ತೀನಿ' ಅಂದರು. ನೀನು 'ನೀನೇನ್ಲಾ ನೋಡೋದು, ನಾನ್ ನೋಡಿವ್ನಿ' ಅಂದೆ. ಅವರು ನಕ್ಕು, 'ನಿನ್ ಗಾಡಿ, ನಿನ್ ಮಾತು' ಅಂದು ಬೇರೆ ಮೋಟರು ಹಾಕಿದರು. ನನಗೆ ಹೇಳಿಕೊಟ್ಟ ಪಾಠವನ್ನು ಅವರೇ ಮುರಿದರು, ಯಾಕೆಂದರೆ ಹೇಳಿದವನು ನೀನು. ಬ್ಯಾಟರಿಯಿಂದ ನೇರ ವೈರು ಕೊಟ್ಟು ಹೊಸ ಮೋಟರು ತಿರುಗುವುದನ್ನು ತೋರಿಸಿದರು. 'ಎಂಜಿನ್ ಕಾದಾಗ ತಾನಾಗೇ ತಿರುಗ್ತದಾ ನೋಡ್ಮ, ಒಸಿ ಒತ್ತು ಕೂತ್ಕೋ' ಅಂದರು. ನಿನಗೆ ಕೂರಲು ಪುರುಸೊತ್ತಿರಲಿಲ್ಲ. ಮಳವಳ್ಳಿ ಕಡೆಯ ತೋಟದಲ್ಲಿ ಎಳನೀರು ಕೆಡವಿ ನಿನ್ನ ದಾರಿ ಕಾಯುತ್ತಿದ್ದರು.

ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ಗಾಡಿ ಕುದಿಯಿತು. ಆಮೇಲೆ ಆದದ್ದನ್ನು ನಾನು ಬರೆಯಬಾರದು ಅಂತ ನಿನಗೆ ಅನ್ನಿಸಬಹುದು. ಬರೆಯಲೇಬೇಕು. ನೀನು ಫೋನ್ ಮಾಡಿ ಇಲ್ಯಾಸ್ ಮಾಮನನ್ನು ಕರೆಸಿದೆ. ಅವರು ಬೈಕು ನಿಲ್ಲಿಸಿ ಸ್ಟ್ಯಾಂಡ್ ಹಾಕುವಷ್ಟರಲ್ಲಿ, ಲೋಡು ಇಳಿಸುವವರ ಮುಂದೆ, ದಲ್ಲಾಳಿಗಳ ಮುಂದೆ ಶುರು ಮಾಡಿದೆ. 'ನನ್ ಒಳ್ಳೇ ಮೋಟ್ರು ಬಿಚ್ಕೊಂಡು ಗುಜ್ರಿ ಮಾಲು ಆಕವ್ನೆ ಕಣ್ರಲಾ ಇವ್ನು. ಉಂಡ ಮನೆ ಜಂತೆ ಎಣ್ಸೋನು.'

ಅವರು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಮೆತ್ತಗೆ ಹೇಳಿದರು. 'ತಪ್ ಮಾಡಿರ್ಬೌದು ಮಾದೇವು. ಕಳ್ತನ ಮಾಡೋನಲ್ಲ ಕಣ್ಲಾ ನಾನು.'

ಅದಕ್ಕೆ ನೀನು ಏನಂದೆ ಅಪ್ಪ? 'ನಿಮ್ ಜನಾನೇ ಇಷ್ಟು ಬುಡ್ಲಾ.'

ಕಳ್ಳ ಅಂದದ್ದನ್ನಾದರೂ ಕೋಪದ ಲೆಕ್ಕಕ್ಕೆ ಹಾಕಬಹುದಿತ್ತು. ನಿನ್ನ ಕೋಪ ಊರಿಗೇ ಗೊತ್ತು. ಆದರೆ ಆ ಮಾತು ಎಲ್ಲಿಂದ ಬಂತು? ನಮ್ಮ ಮನೆಯಲ್ಲಿ ಯಾವತ್ತೂ ಕೇಳದ ಮಾತು. ರಂಜಾನ್ ತಿಂಗಳಲ್ಲಿ ಅವರ ಶೆಡ್ಡಿನ ಮುಂದೆ ಬೀಡಿ ಹಚ್ಚಿದವನನ್ನು ಆಚೆಗೆ ಅಟ್ಟಿದವನು ನೀನು. ಚಹಾ ಅಂಗಡಿಯಲ್ಲಿ ಯಾರೋ ಆಡುವಾಗ ನೀನು ಸುಮ್ಮನೆ ಕೇಳಿಸಿಕೊಂಡ ಮಾತು ಅದು ಅಂತ ನನಗೆ ಅನ್ನಿಸುತ್ತದೆ. ಒಳಗೆ ಹೋಗಿ ಕೂತಿತ್ತು, ಕಾದಾಗ ಹೊರಗೆ ಬಂತು.

ಇಲ್ಯಾಸ್ ಮಾಮನೂ ಸಾಧುವಲ್ಲ. 'ಇನ್ಮ್ಯಾಕೆ ನಿನ್ ಗಾಡಿ ನನ್ ಸೆಡ್ಡ್ ಮುಂದೆ ನಿಂತ್ರೆ ಎಲ್ಲಾ ಚಕ್ರದ್ ಗಾಳೀನೂ ಬುಟ್ಬುಡ್ತೀನಿ' ಅಂತ ಅವರೂ ಕೂಗಿದರು. ಆದರೆ ಬೈಕಿನ ಕಿಕ್ ಹೊಡೆಯುವಾಗ ಅವರ ಕಾಲು ಜಾರಿತು. ಮತ್ತೆ ಹೊಡೆದರು, ಮತ್ತೆ ಜಾರಿತು. ಎಷ್ಟೋ ಗಾಡಿಗಳನ್ನು ಸ್ಟಾರ್ಟ್ ಮಾಡಿದ ಮನುಷ್ಯ, ತನ್ನ ಬೈಕನ್ನು ಸ್ಟಾರ್ಟ್ ಮಾಡಲಾಗದೆ ಎಲ್ಲರೆದುರು ತಳ್ಳಿಕೊಂಡು ಹೋದರು. ನಾನು ನೀರಿನ ಕ್ಯಾನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. 'ಅಪ್ಪ, ಬುಡು' ಅನ್ನುವ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ. ಅವರು ಹೋಗುವಾಗ ನನ್ನ ಮುಖವನ್ನೂ ಒಂದು ಸಲ ನೋಡಿದರು.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲದ್ದು.

ಮಂಡ್ಯದ ಕಡೆಯ ಬಾಡಿಗೆ ನನ್ನದು, ಮಳವಳ್ಳಿ ಕಡೆಯದು ನಿನ್ನದು ಅಂತ ನಾವು ಹಂಚಿಕೊಂಡಿದ್ದೇವಲ್ಲ. ಆ ಜಗಳದ ನಂತರದ ಮಂಡ್ಯ ಬಾಡಿಗೆ ಮುಗಿಸಿ ವಾಪಸು ಬರುವಾಗ, ಹನಕೆರೆ ಹತ್ತಿರ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲಿಗೆ ಸಿಕ್ಕಿಕೊಂಡೆ. ಮುಳ್ಳು ಏರಿತು. ಹೊಂಗೆ ಮರದ ನೆರಳಿಗೆ ಹಾಕಿ, ಎಂಜಿನ್ ಆರಲಿ ಅಂತ ಕಾದೆ. ನಿನ್ನ ಮೊಣಕೈ ಮೇಲಿನ ಸುಟ್ಟ ಕಲೆ ನೋಡಿ ಬೆಳೆದವಳು ನಾನು, ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದಿಲ್ಲ.

ಸ್ಪ್ಯಾನರ್ ಚೀಲಕ್ಕಾಗಿ ಸೀಟು ಎತ್ತಿದೆ. ಚೀಲದ ಹಿಂದೆ ಗೋಣಿ ತುಂಡಿನಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿದರೆ ನಮ್ಮ ಹಳೆಯ ಮೋಟರು. ಬಿಚ್ಚಿದ ಹಳೆಯ ಸಾಮಾನನ್ನು ಗಾಡಿಯವನಿಗೇ ವಾಪಸು ಕೊಡುವುದು ಅವರ ಶೆಡ್ಡಿನ ಪದ್ಧತಿ ಅಲ್ಲವೇ? ನೀನು ಆತುರದಲ್ಲಿದ್ದೆ, ಅವರು ಸೀಟಿನ ಕೆಳಗೆ ಇಟ್ಟಿದ್ದರು. ಮಾರ್ಕೆಟ್ಟಿನಲ್ಲಿ ನೀನು ಅವರನ್ನು ಕಳ್ಳ ಅನ್ನುವಾಗ ಆ ಮೋಟರು ನಿನ್ನ ಸೀಟಿನ ಕೆಳಗೇ ಇತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ರಸ್ತೆ ಬದಿಯಲ್ಲಿ ಕೂತುಬಿಟ್ಟೆ.

ಆಮೇಲೆ ಅವರು ಹೇಳಿಕೊಟ್ಟಂತೆಯೇ ಹುಡುಕಿದೆ. ಫ್ಯೂಸು ಸರಿ ಇತ್ತು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಕೆಟ್ಟಿರಬಹುದು ಅಂತ ಹಾರನ್ನಿನ ರಿಲೇ ಕಿತ್ತು ಅದರ ಜಾಗಕ್ಕೆ ಹಾಕಿ, ಎಂಜಿನ್ ಮತ್ತೆ ಕಾಯಿಸಿದೆ, ಆದರೂ ಫ್ಯಾನು ತಿರುಗಲಿಲ್ಲ. ಬ್ಯಾಟರಿಯಿಂದ ನೇರ ವೈರು ಕೊಟ್ಟೆ, ಇಲ್ಯಾಸ್ ಮಾಮ ಹಾಕಿದ ಮೋಟರು ಬರ್ ಅಂತ ತಿರುಗಿತು. ಹಳೆಯ ಮೋಟರಿಗೂ ಹಾಗೇ ಕೊಟ್ಟೆ, ಅದೂ ತಿರುಗಿತು. ಎರಡೂ ಚೆನ್ನಾಗಿದ್ದವು ಅಪ್ಪ. ಕೆಟ್ಟದ್ದು ಮೋಟರೇ ಅಲ್ಲ.

ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ ಫ್ಯಾನಿನವರೆಗೆ ಕರೆಂಟು ಬರುತ್ತಿತ್ತು. ಬಂದ ಕರೆಂಟು ವಾಪಸು ಹೋಗಲು ದಾರಿ ಇರಲಿಲ್ಲ. ಆ ದಾರಿ ಅಂದರೆ ಅರ್ತ್ ವೈರು, ಅದರ ತುದಿಯ ಉಂಗುರವನ್ನು ಬೋಲ್ಟು ಹಾಕಿ ಗಾಡಿಯ ಕಬ್ಬಿಣಕ್ಕೆ ಬಿಗಿದಿರುತ್ತಾರೆ. ಆ ಕರಿ ವೈರನ್ನು ಬೆರಳಲ್ಲೇ ಹಿಡಿದುಕೊಂಡು ಹೋದೆ. ಬೋಲ್ಟು ಸಿಕ್ಕಿತು. ಫಳಫಳ ಹೊಳೆಯುತ್ತಿತ್ತು. ಬಿಚ್ಚಿ ನೋಡಿದರೆ ಉಂಗುರದ ಕೆಳಗೆಲ್ಲ ದಪ್ಪ ಕರಿ ಬಣ್ಣ.

ನಿನ್ನ ಬಣ್ಣ ಅಪ್ಪ. ನಿನಗೆ ತುಕ್ಕು ಕಂಡರೆ ಆಗುವುದಿಲ್ಲ. ಪ್ರತಿ ಆಯುಧಪೂಜೆಗೂ ಗಾಡಿಗೆ ಬಣ್ಣ ಹೊಡೆದು, ನೆತ್ತಿಯ ಮೇಲೆ 'ಶ್ರೀ ಮುತ್ತತ್ತಿರಾಯ ಪ್ರಸನ್ನ' ತಿದ್ದಿ, ಚಕ್ರಕ್ಕೆ ನಿಂಬೆಹಣ್ಣು ಇಡುವವನು ನೀನು. ಈ ಸಲ ದೇವರು ಒಳಗೂ ನೋಡಲಿ ಅಂತಲೋ ಏನೋ, ಮುಂದಿನ ಜಾಲರಿ ಬಿಚ್ಚಿ, ಬೋಲ್ಟು ಕಳಚಿ, ಕಬ್ಬಿಣಕ್ಕೆಲ್ಲ ಬಳಿದು, ಮತ್ತೆ ಬೋಲ್ಟು ಬಿಗಿದು, ಅದರ ಮೇಲೂ ಬಳಿದಿದ್ದೆ. ಬಣ್ಣ ಅಡ್ಡ ಬಂದರೆ ಕರೆಂಟು ಹರಿಯುವುದಿಲ್ಲ. ನೀನು ಭಕ್ತಿಯಿಂದಲೇ ಮಾಡಿದೆ, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ನಾನು ಸ್ಕ್ರೂಡ್ರೈವರಿನಲ್ಲಿ ಕೆರೆದು, ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಬಿಗಿದು, ಎಂಜಿನ್ ಆನ್ ಮಾಡಿ ಕಾದೆ. ಎಂಜಿನ್ ಬಿಸಿಯಾದೊಡನೆ ಫ್ಯಾನು ತಾನಾಗೇ ತಿರುಗಿತು. ನನಗೆ ಖುಷಿಯಾಗಬೇಕಿತ್ತು, ಅಳು ಬಂತು.

ದಾರಿಯುದ್ದಕ್ಕೂ ನಿನಗೆ ಹೇಗೆ ಹೇಳಬೇಕು ಅಂತ ಮಾತು ಜೋಡಿಸಿಕೊಂಡು ಬಂದೆ. ಊರಿಗೆ ಬಂದರೆ ನೀನು ಚಹಾ ಅಂಗಡಿಯ ಮುಂದೆ ನಾಲ್ಕು ಜನರ ಜೊತೆ ಕೂತಿದ್ದೆ. ಗಾಡಿ ನಿಂತರೂ ಫ್ಯಾನು ತಿರುಗುವುದನ್ನು ಕೇಳಿಸಿಕೊಂಡು, 'ಎಲ್ಲವ್ವ ಮಾಡ್ಸ್ದೆ?' ಅಂದೆ. ಆ ಜನರ ಮುಂದೆ ನಿನ್ನ ಮುಖ ಕೆಡಿಸಲು ನನಗೆ ಆಗಲಿಲ್ಲ. 'ಮಂಡ್ಯದಲ್ಲಿ' ಅಂದುಬಿಟ್ಟೆ. ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ನೀನು ಅಷ್ಟರಲ್ಲಿ 'ನೋಡ್ರಲಾ, ಮಂಡ್ಯದೋನು ಮುಟ್ಟಿದ್ ಗಳಿಗೇಲಿ ಸರಿಯಾಯ್ತು. ಆ ಇಲ್ಯಾಸು ಬೇಕಂತ್ಲೇ ಕೆಡ್ಸಿದ್ದ' ಅಂದೆ. ಅವತ್ತಿನಿಂದ ಹೋದಲ್ಲೆಲ್ಲ ಅದನ್ನೇ ಹೇಳುತ್ತಿದ್ದೀಯ. ನಮ್ಮೂರಿನ ಗಾಡಿಗಳು ಅವರ ಶೆಡ್ಡು ದಾಟಿ ಬೇರೆ ಕಡೆ ಹೋಗುತ್ತಿವೆ. ಆ ಮಾತು ನಿನ್ನದು, ಆದರೆ ಅದಕ್ಕೆ ಕಾಲು ಕೊಟ್ಟವಳು ನಾನು. ಮಾರ್ಕೆಟ್ಟಿನಲ್ಲಿ ಸುಮ್ಮನೆ ನಿಂತದ್ದು ಹೆದರಿಕೆಯಿಂದ ಅನ್ನಬಹುದು. ಇದನ್ನು ಏನನ್ನಲಿ?

ನಾಳೆ ಭಾನುವಾರ ಇಲ್ಯಾಸ್ ಮಾಮನ ಮಗಳು ಜಬೀನ್ ಮದುವೆ. ಅವಳು ಲಂಗ ಹಾಕುತ್ತಿದ್ದ ಕಾಲದಲ್ಲೇ ನೀನು ಎದೆ ತಟ್ಟಿ ಹೇಳಿದ್ದೆ, 'ಜಬೀನ್ ಮದ್ವೆಗೆ ಬಂಡೂರು ಕುರಿ ನನ್ ಗಾಡೀಲೇ ಬರ್ಬೇಕು. ಬ್ಯಾರೆ ಗಾಡಿ ಬಂದ್ರೆ ರಸ್ತೇಗ್ ಅಡ್ಡ ಮನೀಕತೀನಿ.' ಕುರಿ ಇವತ್ತು ಸಂಜೆಯೊಳಗೆ ಬರಬೇಕು. ನಿನ್ನೆ ಜಬೀನ್ ಫೋನ್ ಮಾಡಿದ್ದಳು. ಜಗಳದ ಮಾತೇ ಎತ್ತಲಿಲ್ಲ. ಕಡೆಗೆ ಅಷ್ಟೇ ಅಂದಳು, 'ಅಬ್ಬಾ ಇನ್ನೂ ಯಾವ್ ಗಾಡೀಗೂ ಏಳಿಲ್ಲ ಕಣೆ ವೀಣ. ನಾವೇನಾದ್ರೂ ಕೇಳಿದ್ರೆ ಎದ್ದೋಯ್ತಾರೆ.'

ಕೇಳಿಸಿತಾ ಅಪ್ಪ? ಅಷ್ಟು ಅನ್ನಿಸಿಕೊಂಡ ಮೇಲೂ ಅವರು ಬೇರೆ ಗಾಡಿಗೆ ಹೇಳಿಲ್ಲ.

ಅದಕ್ಕೇ ನಿನ್ನೆ ಸಂಜೆ ನೀನು ಚಹಾ ಅಂಗಡಿಗೆ ಹೋದಾಗ ನಾನೊಂದು ಕೆಲಸ ಮಾಡಿದ್ದೇನೆ. ಜಾಲರಿ ಬಿಚ್ಚಿ, ಅಟ್ಟದ ಮೇಲಿದ್ದ ನಿನ್ನ ಕರಿ ಬಣ್ಣದ ಡಬ್ಬಿ ತಂದು, ಉಂಗುರದ ಕೆಳಗೂ ಬೋಲ್ಟಿಗೂ ದಪ್ಪಗೆ ಬಳಿದು, ನೀನು ಮಾಡಿದ್ದ ಹಾಗೇ ಬಿಗಿದಿದ್ದೇನೆ. ಗಾಡಿ ಈಗ ಮೊದಲಿನಂತೆಯೇ ಇದೆ. ನಮ್ಮೂರಿಂದ ಇಲ್ಯಾಸ್ ಮಾಮನ ಶೆಡ್ಡಿನವರೆಗೆ ಎಲ್ಲೂ ನಿಲ್ಲಿಸದೆ ಹೋದರೆ ಕಾಯುವುದಿಲ್ಲ. ಅದನ್ನು ದಾಟಿ ಮಾರ್ಕೆಟ್ಟಿನ ಸಾಲಿಗೆ ಹೋದರೆ ಕುದಿಯುತ್ತದೆ. ಇವತ್ತಿನ ಲೋಡು ಬೇಡ ಅಂತ ತೋಟದವರಿಗೆ ನಾನೇ ಹೇಳಿದ್ದೇನೆ. ಬೇಕಾದರೆ ನೀನು ಮನೆ ಮುಂದೆಯೇ ಬಿಚ್ಚಿ, ಕೆರೆದು, ಯಾರಿಗೂ ಗೊತ್ತಾಗದಂತೆ ಸರಿ ಮಾಡಿಕೊಳ್ಳಬಹುದು. ಬೋಲ್ಟು ಎಲ್ಲಿದೆ ಅಂತ ಈಗ ನಿನಗೂ ಗೊತ್ತು. ನಿನ್ನ ಕೈ ಹಿಡಿಯಲು ನಾನು ಅಲ್ಲಿ ಇರುವುದಿಲ್ಲ.

ನಾನು ಬಸ್ಸಿಗೆ ಹೋಗುತ್ತಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಶೆಡ್ಡಿನ ಬೆಂಚಿನ ಮೇಲೆ ಕೂತು, 'ಮಂಡ್ಯದಲ್ಲಿ' ಅಂದದ್ದು ಸುಳ್ಳು ಅಂತ ನನ್ನ ಪಾಲಿನದನ್ನು ಅವರಿಗೆ ಹೇಳಿರುತ್ತೇನೆ. ಬಣ್ಣದ ಮಾತು ಎತ್ತುವುದಿಲ್ಲ. ಅದು ನಿನ್ನ ಪಾಲು. ಉಪ್ಪು ಕಾಗದ ಸೀಟಿನ ಮೇಲೆ ಇದೆ, ಹಳೆಯ ಮೋಟರೂ ಇದೆ. ಅವರ ಮುಂದೆ ನೀನೇ ಬಿಚ್ಚು, ನೀನೇ ಉಜ್ಜು. ಮಾರ್ಕೆಟ್ಟಿನಲ್ಲಿ ಆಡಿದ ಆ ಮಾತನ್ನು ಹೇಗೆ ಉಜ್ಜಬೇಕು ಅಂತ ಮಾತ್ರ ನನಗೆ ಗೊತ್ತಿಲ್ಲ. ಫ್ಯಾನು ತಿರುಗಲು ಒಸಿ ಹೊತ್ತು ಬೇಕಾಗುತ್ತದೆ. ಈ ಸಲ ಆತುರ ಮಾಡಬೇಡ, ಅವರ ಪಕ್ಕ ಕೂತು ಕಾಯಿ.

ಕುರಿ ಕಟ್ಟುವ ಹಗ್ಗ ನಾನೇ ತೆಗೆದುಕೊಂಡು ಹೋಗಿದ್ದೇನೆ, ಮನೆಯಲ್ಲಿ ಹುಡುಕಬೇಡ. ಬಂಡೂರಿನ ರಸ್ತೆ ಮಳವಳ್ಳಿ ಕಡೆಯದು, ಅಂದರೆ ನಿನ್ನದು, ಗಾಡಿ ನೀನೇ ಓಡಿಸಬೇಕು.

ಮುತ್ತತ್ತಿರಾಯ ಗಾಡಿಯ ನೆತ್ತಿಯಿಂದ ಇಳಿದು ಇವತ್ತೊಂದು ದಿನ ನಿನ್ನ ನಾಲಿಗೆಯ ಮೇಲೆ ಕೂರಲಿ.

ಶೆಡ್ಡಿನ ಬೆಂಚಿನಲ್ಲಿ ನಿನಗೂ ಜಾಗ ಹಿಡಿದು, ನಮ್ಮ ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂತಿರುವ,
ನಿನ್ನ ಮಗಳು
ವೀಣ