ಸುಕ್ಕುಗಟ್ಟದ ಮೂರು ಬೆರಳು

ಮಾರ್ಚ್ ೧೨, ಗುರುವಾರ

ಅಣ್ಣನ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ಇವತ್ತು ಅತ್ತಿಗೆಯನ್ನು ನನ್ನ ಕ್ಲಿನಿಕ್ಕಿಗೆ ಕರೆತಂದವನು ಕೂರುವ ಮೊದಲೇ ಶುರು ಮಾಡಿದ. "ಕೈ ಜೋಮು ಅಂತಾಳೆ, ದಿನಾ ಒಂದು ಲೋಟ ಒಡೀತಾಳೆ. ಬರೀ ನಾಟಕ. ನೀನು ಕೈ ಡಾಕ್ಟರು, ಅವಳ ಮುಂದೇನೇ ಹೇಳ್ಬಿಡು."

ಅತ್ತಿಗೆಯ ತೋರುಬೆರಳಿನ ತುದಿಯಲ್ಲಿ ಸುಟ್ಟ ಗಾಯವಿತ್ತು. ಏನಿದು ಎಂದೆ.

"ನಾನೇ ಬಿಸಿ ಚಮಚ ಮುಟ್ಟಿಸಿ ನೋಡ್ದೆ," ಅಂದ ಅಣ್ಣ. "ಆಗ್ಲೂ ಕೈ ಎಳ್ಕೊಳ್ಳಲಿಲ್ಲ ಕಣೇ. ಅಷ್ಟು ಹಟ."

ಅತ್ತಿಗೆಯ ಕೈಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ನೆಂದ ಬೆರಳು ಸುಕ್ಕುಗಟ್ಟಬೇಕು. ನರ ಕೆಟ್ಟಿದ್ದರೆ ಸುಕ್ಕುಗಟ್ಟುವುದಿಲ್ಲ. ಇದನ್ನು ಯಾರೂ ನಟಿಸಲಾರರು. ಕಿರುಬೆರಳು ಮುದುಕಿಯಂತಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಏನೂ ಆಗದವರಂತೆ ನುಣ್ಣಗೇ ಉಳಿದವು. ಈ ಮೂರಕ್ಕೂ ಹೋಗುವ ನರ ಮಣಿಕಟ್ಟಿನಲ್ಲಿ ಒತ್ತಿಹೋಗಿದೆ.

"ಸಣ್ಣ ಆಪರೇಷನ್ ಅತ್ತಿಗೆ. ಸ್ಪರ್ಶ ವಾಪಸ್ ಬರತ್ತೆ."

"ಬೇಡ ಬಿಡು," ಅಂದರು ಅತ್ತಿಗೆ, ನೀರನ್ನೇ ನೋಡುತ್ತಾ. "ಇವ್ರು ಈ ಕೈ ಹಿಡ್ಕೊಂಡ್ರೆ ನಂಗೆ ಗೊತ್ತೇ ಆಗಲ್ಲ. ಇರೋ ಸುಖ ಅದೊಂದೇ."

ಅಣ್ಣ ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕ. "ಬೇಗ ಮಾಡಿ ಮುಗಿಸು, ಮನೇಲಿ ಕೆಲಸ ಹಾಗೇ ಬಿದ್ದಿದೆ."

ಹಾಗೇ ಬಿಟ್ಟರೆ ಹೆಬ್ಬೆರಳಿನ ಬುಡದ ಸ್ನಾಯು ಸಾಯುತ್ತದೆ. ಆಪರೇಷನ್ ಸೋಮವಾರಕ್ಕೆ ಬರೆದುಕೊಂಡೆ. ಅತ್ತಿಗೆಯನ್ನು ಇನ್ನೊಮ್ಮೆ ಕೇಳಲಿಲ್ಲ.

ನನ್ನ ಕೈಗುಣ ಒಳ್ಳೆಯದೆಂದು ಊರೆಲ್ಲ ಹೊಗಳುತ್ತದೆ. ಮುಂದಿನ ಸಲ ಅಣ್ಣ ಬಿಸಿ ಚಮಚ ತಂದರೆ ಅತ್ತಿಗೆ ಕೈ ಎಳೆದುಕೊಳ್ಳುತ್ತಾರೆ.