ಅಕ್ಕನ ಪಂಪು, ತಂಗಿಯ ಹಡಗು

ಮನೆಯಿಂದ,
ಶನಿವಾರ, ಊಟವಾದ ಮೇಲೆ

ಪ್ರೀತಿಯ ದೊಡ್ಡವಳಿಗೆ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹಡಗಿನ ಆ ತಣ್ಣನೆಯ ಕೋಣೆಯಲ್ಲಿ ಕೆಲಸ ಮಾಡುವಾಗ ಕಿವಿಗೆ ಬಟ್ಟೆ ಕಟ್ಟಿಕೋ ಎಂದರೆ ನಗುತ್ತೀಯ, ನಗು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಆದರೆ ಅಮ್ಮನ ಮಂಡಿ ಹಾಗೆ ಬರೆಯಲು ಬಿಡುತ್ತಿಲ್ಲ. ಇನ್ನೂ ತಡ ಮಾಡಿದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಆಪರೇಷನ್ನಿಗೆ ತಾರೀಖು ಕೇಳುತ್ತಿದ್ದಾರೆ. ಇವಳದು ಒಂದೇ ಹಟ, ನೀನು ಬಂದು ಪಕ್ಕದಲ್ಲಿ ನಿಂತರೆ ಮಾತ್ರ ಒಳಗೆ ಹೋಗುತ್ತಾಳಂತೆ. ನಿನ್ನ ರಜೆ ಗಟ್ಟಿಯಾಯಿತು ಎಂದು ನಾವೂ ನಿಶ್ಚಿಂತೆಯಿಂದ ಇದ್ದೆವು. ಅಷ್ಟರಲ್ಲಿ ಗುರುವಾರ ನಿನ್ನ ಧ್ವನಿ ಸಂದೇಶ ಬಂತು. ಆಮೇಲೆ ನಿನ್ನ ಫೋನು ಸ್ವಿಚ್ ಆಫ್.

“ಅಪ್ಪಾ, ಅಕ್ಕನ ಪಂಪ್ ತೆಗೆದು ತಂಗಿಗೆ ಹಾಕ್ತಿದ್ದಾರೆ. ಅದರ ಜೊತೆ ನಾನೂ ಹೋಗ್ಬೇಕು. ಅಮ್ಮಂಗೆ ಹೇಳು.” ಇಷ್ಟೇ. ಏನೆಂದು ಹೇಳಲಿ? ನಮ್ಮ ಮನೆಯಲ್ಲಿ ಅಕ್ಕ ಎಂದರೆ ನೀನು, ತಂಗಿ ಎಂದರೆ ಚಿಕ್ಕವಳು. ಪಂಪು ಎಂದರೆ ಹೃದಯ ಎಂದುಕೊಂಡಳು ನಿನ್ನ ಅಮ್ಮ. ಯಾರೋ ಡಾಕ್ಟರು ಟಿ.ವಿ.ಯಲ್ಲಿ ಹಾಗೆ ಹೇಳಿದ್ದರಂತೆ. ಕುಂಟುತ್ತಲೇ ಹೋಗಿ ಚಿಕ್ಕವಳ ಎದೆ ಮುಟ್ಟಿ ನೋಡಿದಳು. ಊಟಕ್ಕೆ ಕೂತಿದ್ದ ಅವಳು ನನಗೇನಾಗಿದೆ ಎಂದು ರೇಗಿದಳು. ಕೊನೆಗೆ ಚಿಕ್ಕವಳೇ ಬಿಡಿಸಿ ಹೇಳಿದಳು. ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ಹಡಗುಗಳಿಗೆ ನೀವು ಅಕ್ಕ, ತಂಗಿ ಎನ್ನುತ್ತೀರಂತೆ. ಅಕ್ಕ ರಿಪೇರಿಗೆಂದು ಬಂದರಿನಲ್ಲಿ ನಿಂತಿದ್ದಾಳೆ, ನೀನು ಅಕ್ಕನ ಕಡೆಯವಳು. ತಂಗಿ ಸದ್ಯದಲ್ಲೇ ಸಮುದ್ರಕ್ಕೆ ಹೊರಡುವವಳು.

ನಿಂತ ಬಸ್ಸಿನ ಭಾಗ ಕಳಚಿ ಓಡುವ ಬಸ್ಸಿಗೆ ಹಾಕುವುದು ನಮ್ಮ ಡಿಪೋದಲ್ಲೂ ಇದ್ದದ್ದೇ, ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಇರುವುದು ನಿಮ್ಮ ಹಡಗು. ಕ್ಷಿಪಣಿಗೆ ದಾರಿ ತೋರಿಸುವುದು ರೇಡಾರ್, ರೇಡಾರ್ ಕಾದು ಕೆಡದಂತೆ ನೋಡಿಕೊಳ್ಳುವುದು ತಣ್ಣೀರು, ಆ ನೀರನ್ನು ತಳ್ಳುವುದು ನಿನ್ನ ಪಂಪು. ಅಂದರೆ ಅಷ್ಟು ದೊಡ್ಡ ಯುದ್ಧನೌಕೆ ಒಂದು ಪಂಪು ಕೆಟ್ಟರೆ ಕಣ್ಣು ಮುಚ್ಚಿ ಕೂರುತ್ತದೆಯೇ? ಇನ್ನೊಂದು ಪಂಪು ಇದ್ದೇ ಇರುತ್ತದೆ ಎಂದು ನೀನೇ ಹೇಳಿದ್ದೆ, ಅದೂ ಕೈಕೊಟ್ಟಿತೇ? ಹೊಸದು ತಯಾರಾಗಿ ಬರಲು ವರ್ಷಗಟ್ಟಲೆ ಬೇಕಂತೆ. ಅವರು ಪಂಪು ಮಾಡುತ್ತಾರೋ, ಪಂಪಿಗೆ ವರ ಹುಡುಕುತ್ತಾರೋ. ಒಂದೇ ನಕ್ಷೆ ಎನ್ನುತ್ತೀರಿ. ತಂಗಿಯನ್ನು ತಡವಾಗಿ ಕಟ್ಟಿದ್ದರಿಂದ ಪೈಪಿನ ಬಾಯಿ ಬೇರೆ, ಬೋಲ್ಟಿನ ತೂತು ಬೇರೆ ಎಂದೂ ಅನ್ನುತ್ತೀರಿ. ಹಾಗಾದರೆ ಒಂದೇ ಆಗಿ ಉಳಿದದ್ದೇನು? ಬಣ್ಣವೇ?

ಇದೆಲ್ಲ ಹಾಳಾಗಿಹೋಗಲಿ. ನನ್ನ ತಲೆ ಚಿಟ್ಟು ಹಿಡಿಸಿರುವುದು ‘ಅದರ ಜೊತೆ’ ಎಂಬ ನಿನ್ನ ಮಾತು. ಪಂಪಿನ ಜೊತೆ ಪಕ್ಕದ ಹಡಗಿಗೆ ಹೋಗಿ, ಕೂರಿಸಿ, ಕೈ ಒರೆಸಿಕೊಂಡು ವಾಪಸು ಬರುತ್ತೀಯೋ, ಅಥವಾ ಪಂಪು ಹೋದಲ್ಲಿಗೆ ನೀನೂ ಸಮುದ್ರಕ್ಕೆ ಹೋಗುತ್ತೀಯೋ? ನಾವು ಎಷ್ಟೋ ಗೇರ್ ಬಾಕ್ಸ್ ಕಳಚಿ ಬೇರೆ ಬಸ್ಸಿಗೆ ಹಾಕಿದ್ದೇವೆ, ಮೆಕ್ಯಾನಿಕನನ್ನೂ ಬಿಚ್ಚಿ ಅದರ ಜೊತೆ ಕಳಿಸಿದ್ದಿಲ್ಲ. ಕೂರಿಸಿ ಬರುತ್ತಾಳೆ ಎನ್ನುತ್ತಾಳೆ ಚಿಕ್ಕವಳು. ಅಮ್ಮ ಕ್ಯಾಲೆಂಡರಿನ ಹಾಳೆ ತಿರುವುತ್ತಾಳೆ. ನಾನು ಬೆಳಿಗ್ಗೆ ಒಂದು ಹೇಳುತ್ತೇನೆ, ಸಂಜೆ ಇನ್ನೊಂದು. ಬೇರೆ ಯಾವಾಗಲಾದರೂ ಆಗಿದ್ದರೆ ಹೋಗಿ ಬಾ ಎನ್ನುತ್ತಿದ್ದೆ, ಈಗ ಬಾಯಿ ಬರುತ್ತಿಲ್ಲ.

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ. ನಿನ್ನ ನೀಲಿ ಸ್ವೆಟರ್ ತಾನು ಹಾಕಿಕೊಂಡಿದ್ದೇನೆಂದು ಹೇಳಬೇಡ ಎಂದಿದ್ದಾಳೆ ಚಿಕ್ಕವಳು.

ಏನೂ ತಿಳಿಯದ ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಆಟೋದಿಂದ ಇಳಿದಳು. ನನಗೆ ಹೇಳದೆ ಹೋಗಿ ಡಾಕ್ಟರಿಗೆ ತಾರೀಖು ಕೊಟ್ಟು ಬಂದಿದ್ದಾಳೆ, ಮುಂದಿನ ತಿಂಗಳ ಎರಡನೆಯ ಮಂಗಳವಾರ. ನೀನು ಇಲ್ಲದಿದ್ದರೂ ಸರಿಯಂತೆ. ಇದ್ದಕ್ಕಿದ್ದಂತೆ ಯಾಕೆ ಎಂದು ಕೇಳಿದೆ. “ಅವಳು ಸಮುದ್ರಕ್ಕೇ ಹೋಗಿರ್ತಾಳೆ. ವಾಪಸ್ ಬಂದಾಗ ಬಾಗಿಲು ತೆಗೆಯೋಕೆ ನಾನು ನಡ್ಕೊಂಡು ಹೋಗ್ಬೇಡ್ವಾ?” ಎಂದಳು. ಅವಳಿಗೆ ಒಂದಿಷ್ಟೂ ಹೆದರಿಕೆಯಿಲ್ಲ. ನನಗಿದೆ. ಆ ದಿನ ನೀನು ಯಾವ ಹಡಗಿನಲ್ಲಿದ್ದರೂ, ಸಾಧ್ಯವಾದರೆ ಒಂದು ಫೋನು ಮಾಡು. ಅವಳಿಗಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುವ ನನಗೆ.