ಹೊನಗೊನೆಗೆ ಹಸಿರು ಚೌಕ

ಅಕ್ಟೋಬರ್ 5, ಭಾನುವಾರ, ಬೆಳಗ್ಗೆ

ಎರಡನೇ ಟೀ. ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ, ವಿವೇಕನ ತಲೆ ನನ್ನ ಹೆಗಲ ಮೇಲೆ. ನಮ್ಮ ಹನಿಮೂನ್ ಇದೇ — ಹೂಕೋಸಿನ ಹೊಲದ ಫೋಟೋಗಳ ಮೇಲೆ ಚೌಕ ಎಳೆಯುವುದು! ಬೆಳೆಗೆ ಹಸಿರು, ಕಳೆಗೆ ಕೆಂಪು. ಇದನ್ನೆಲ್ಲ ನೋಡಿ ಅವನ ಮಷೀನ್ ಕಲಿಯುತ್ತದೆ. ಆಮೇಲೆ ಸಾಲಿನ ಮೇಲೆ ಹೋಗುತ್ತಾ, ಬೆಳೆ ಬಂದರೆ ಬ್ಲೇಡ್ ಎತ್ತುತ್ತದೆ. ಕಳೆ ಬಂದರೆ ಇಳಿಸಿ, ಬುಡ ಸಮೇತ ಕೆತ್ತುತ್ತದೆ. ಒಂದು ಹನಿ ಔಷಧಿ ಬೇಡ. ನನ್ನ ಗಂಡ ಜೀನಿಯಸ್. ಹೊರಗೆ ಈ ಬಂಗಾಳಿಗಳ ದುರ್ಗಾಪೂಜೆಯ ಪಂಡಾಲ್ ಬಿಚ್ಚುತ್ತಿದ್ದಾರೆ, ಬಿದಿರು ಬೀಳುವ ಸದ್ದೂ ನನಗೆ ಮ್ಯೂಸಿಕ್.

ಹದಿನೆಂಟಕ್ಕೆ ಬೆಂಗಳೂರಿನಿಂದ ರಂಜಿತ್ ಸರ್ ಬರುತ್ತಾರೆ. ಕಂಪನಿ ಅವರದು. ಟ್ರಯಲ್ ಪಾಸಾದರೆ ಮಷೀನ್ ಉಳಿಯುತ್ತದೆ. ಇಲ್ಲದಿದ್ದರೆ ಪ್ರಾಜೆಕ್ಟ್ ಬಂದ್, ವಿವೇಕನ ಮೂರು ವರ್ಷ ಗುಜರಿಗೆ. ಹಾಗಾಗಲ್ಲ. ನಾನಿದ್ದೀನಲ್ಲ!

ಅ. 7

ಫೋಟೋದಲ್ಲಿ ಇವತ್ತು ಯಾರು ಸಿಕ್ಕಿದರು ಅಂದರೆ — ಹೊನಗೊನೆ ಸೊಪ್ಪು! ಹೂಕೋಸಿನ ನಡುವೆ ರಾಜಾರೋಷವಾಗಿ ಕೂತಿದೆ. ಅಜ್ಜಿಯ ಮಸ್ಸೊಪ್ಪು, ಬಿಸಿ ಮುದ್ದೆ, ಮೇಲೆ ತುಪ್ಪ... ‘ಕಣ್ಣಿಗೆ ಒಳ್ಳೇದು ಕಣೇ, ತಿನ್ನು’ ಅಂತ ತಲೆಗೆ ಮೊಟಕುತ್ತಿದ್ದಳು. ಇದನ್ನು ಕಳೆ ಅನ್ನೋಕಾಗುತ್ತಾ? ಹಸಿರು ಚೌಕ. ಕಂಡಲ್ಲೆಲ್ಲ ಹಸಿರು.

ಮುಗಿಸಿ ಕೊಟ್ಟಾಗ, “ಚೆಕ್ ಮಾಡ್ಕೋ” ಅಂದೆ.

“ನೀನು ಮಾಡಿರೋದಲ್ವಾ, ಇನ್ನೇನು ಚೆಕ್ಕು?”

ಕರಗಿ ನೀರಾದೆ.

ಅ. 12, ಭಾನುವಾರ, ಸಂಜೆ, ಬಾರುಯಿಪುರ್ ಲೋಕಲ್ ರೈಲಿನಲ್ಲಿ

ಅಕ್ಷರ ಅಲುಗಾಡುತ್ತಿದೆ.

ಮೊದಲ ಸಲ ಹೊಲಕ್ಕೆ ಹೋದೆ. ಹೊಲ ಶೇಫಾಲಿದೀಯದು. ದೊಡ್ಡ ದನಿ, ಇನ್ನೂ ದೊಡ್ಡ ನಗು. ಮಷೀನ್ ಹೊರಟಿತು. ಹುಲ್ಲು ಬಂತು, ಕೆತ್ತಿತು. ಹೂಕೋಸು ಬಂತು, ಬ್ಲೇಡ್ ಎತ್ತಿತು. ಚಪ್ಪಾಳೆ ಹೊಡೆದೆ! ಆಮೇಲೆ ಹೊನಗೊನೆ ಬಂತು. ಬ್ಲೇಡ್ ಎತ್ತಿತು. ಮತ್ತೆ ಹೊನಗೊನೆ, ಮತ್ತೆ ಎತ್ತಿತು — ಅತ್ತೆಮನೆಯವರು ಎದುರು ಬಂದ ಹಾಗೆ, ಅಷ್ಟು ಮರ್ಯಾದೆ.

“ಎ ಬಾಬಾ!” ಶೇಫಾಲಿದೀ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಶಾಂಚೆ ಶಾಕ್‌ಗೆ ನಮಸ್ಕಾರ ಮಾಡ್ತಿದೆ! ಬೌದಿ, ನಿಮ್ಮನೆಯವರ ಮಷೀನಿಗೆ ಭಕ್ತಿ ಜಾಸ್ತಿ.” ಇಲ್ಲಿ ಅಕ್ಕನಿಗೆ ದೀ, ಅತ್ತಿಗೆಗೆ ಬೌದಿ, ಹೊನಗೊನೆಗೆ ಶಾಂಚೆ ಶಾಕ್.

ವಿವೇಕ ನಗಲಿಲ್ಲ. ವೈರ್ ನೋಡಿದ, ಲೆನ್ಸ್ ಒರೆಸಿದ. ನನಗೆ ಗೊತ್ತಾಗಿತ್ತು. ಹೊನಗೊನೆಗೆ ಹಸಿರು ಚೌಕ ಹಾಕಿದ್ದು ನಾನೇ ಅಂತ ಅಲ್ಲೇ ಬದುವಿನ ಮೇಲೆ ಹೇಳಿದೆ.

ಲೆನ್ಸ್ ಒರೆಸಿದ ಬಟ್ಟೆ ಮಡಚಿ ಜೇಬಿಗಿಟ್ಟ. ಆಮೇಲೆ ಮೆಲ್ಲಗೆ, “ಇಂಚರ, ಇದು ಹೂಕೋಸಿನ ಹೊಲ. ನಿಮ್ಮಜ್ಜಿ ಅಡುಗೆಮನೆ ಅಲ್ಲ.”

ಕೂಗಿದ್ದರೆ ಚೆನ್ನಾಗಿತ್ತು. ಈಗ ಎದುರಿನ ಸೀಟಿನಲ್ಲಿದ್ದಾನೆ. ಪಕ್ಕದ ಸೀಟು ಖಾಲಿ ಇದೆ.

ಅ. 15

ಮನೆಯಲ್ಲಿ ‘ಟೀ?’ ‘ಹೂಂ’ ಬಿಟ್ಟು ಬೇರೆ ಮಾತಿಲ್ಲ. ನನ್ನ ಹಸಿರು ಚೌಕಗಳನ್ನು ಒಂದೊಂದಾಗಿ ಕೆಂಪು ಮಾಡುತ್ತಿದ್ದೇನೆ. ಅರ್ಧವಾಗಿದೆ.

ಮಧ್ಯಾಹ್ನ ಶೇಫಾಲಿದೀ ಫೋನು. ಸ್ಪೀಕರ್ ಹಾಕಿದೆ.

“ಬೌದಿ, ಮಷೀನ್ ರಿಪೇರಿ ಮಾಡಿಬಿಟ್ರಾ? ಭೂತ ಚತುರ್ದಶಿ ಆಗೋತನಕ ಮಾಡಬೇಡಿ!”

ಕಾಳಿ ಪೂಜೆಯ ಹಿಂದಿನ ದಿನ ಇಲ್ಲಿ ಎಲ್ಲರೂ ಹದಿನಾಲ್ಕು ಬಗೆಯ ಸೊಪ್ಪು ಬೆರೆಸಿ ತಿನ್ನಬೇಕಂತೆ. ಅದರಲ್ಲಿ ಶಾಂಚೆಯೂ ಒಂದು — ನಮ್ಮ ಹೊನಗೊನೆ! ಅವಳು ಕಟ್ಟು ಕಟ್ಟಿ ಗರಿಯಾಹಾಟ್ ಮಾರ್ಕೆಟ್ಟಿಗೆ ಮಾರಲು ತರುತ್ತಾಳೆ. ಚತುರ್ದಶಿ ಹತ್ತೊಂಬತ್ತಕ್ಕೆ. ಟ್ರಯಲ್ ಹದಿನೆಂಟಕ್ಕೆ.

“ಹೋದ ವರ್ಷ ಔಷಧಿ ಹೊಡೆದು ಸೊಪ್ಪೆಲ್ಲ ಸುಟ್ಟುಹೋಯ್ತು. ಅದಕ್ಕೇ ನಿಮ್ಮ ಮಷೀನಿಗೆ ಹೊಲ ಕೊಟ್ಟಿದ್ದು.”

ಫೋನಿಟ್ಟೆ. “ಇದು ನಮ್ಮ ಬೆರಕೆ ಸೊಪ್ಪೇ ಕಣೋ” ಅಂದೆ ಗೋಡೆಗೆ.

ವಿವೇಕ ತಿರುಗಿದ. “ಏನಂದೆ?”

“ಬೆರಕೆ. ಬೆಳೆಯೂ ಅಲ್ಲ, ಕಳೆಯೂ ಅಲ್ಲ. ಬೇಕಾದಾಗ ಕಿತ್ಕೊಳ್ಳೋದು, ಬೇಡದಾಗ ಕೆತ್ತೋದು.”

ಲ್ಯಾಪ್‌ಟಾಪ್ ಎಳೆದುಕೊಂಡ. “ಮೂರನೇ ಚೌಕ... ಹಳದಿ. ಒಂದು ಸ್ವಿಚ್ ಹಾಕಿದ್ರೆ — ತೆಗಿ ಅಂದ್ರೆ ತೆಗೆಯುತ್ತೆ, ಬಿಡು ಅಂದ್ರೆ ಬಿಡುತ್ತೆ. ಸರಿ ಸ್ವಲ್ಪ.”

ಸರಿದೆ. ಪಕ್ಕಕ್ಕೆ ಬಂದು ಕೂತ!!

ಅ. 17

ಹೊನಗೊನೆಯೆಲ್ಲ ಹಳದಿ. ಈ ಸಲ ಪ್ರತಿಯೊಂದನ್ನೂ ಚೆಕ್ ಮಾಡಿದ. ಬೇಜಾರಾಗಲಿಲ್ಲ. ಒಂದು ತಪ್ಪು ಸಿಕ್ಕಿತು... ಅದು ಅವನದು! ನಾಳೆ ದೇವರೇ ಕಾಪಾಡಬೇಕು.

ಅ. 18, ಸಂಜೆ

ಎಲ್ಲಿಂದ ಶುರು ಮಾಡಲಿ!

ರಂಜಿತ್ ಸರ್ ಬಿಳಿ ಶೂ ಹಾಕಿಕೊಂಡು ಬಂದಿದ್ದರು. ಪಾಪ, ಆ ಕೆಸರಲ್ಲಿ. ಮೊದಲ ಸಾಲುಗಳಲ್ಲಿ ಸ್ವಿಚ್ ‘ತೆಗಿ’. ಹುಲ್ಲು, ಹೊನಗೊನೆ, ಎಲ್ಲ ಮಗುಚಿ ಬಿದ್ದವು. ಹೂಕೋಸಿಗೆ ಒಂದು ಗೀರಿಲ್ಲ. ಸರ್ ಮುಖದಲ್ಲಿ ಏನೂ ಇಲ್ಲ. ಕೊನೆಯ ಸಾಲುಗಳಲ್ಲಿ ವಿವೇಕ ‘ಬಿಡು’ ಒತ್ತಿದ. ಹುಲ್ಲು ಹೋಯಿತು, ಹೊನಗೊನೆ ನಿಂತಿತು.

“ಇಲ್ಲಿ ಫೇಲ್ ಆಯ್ತಲ್ಲಪ್ಪ?”

ವಿವೇಕ ಬಾಯಿ ತೆರೆಯುವ ಮೊದಲೇ ಶೇಫಾಲಿದೀ ಸಾಲಿಗೆ ಇಳಿದು ಕುಕ್ಕರುಗಾಲಲ್ಲಿ ಕೂತು ಕೀಳತೊಡಗಿದಳು. ಒಂದು ಕಟ್ಟು ಸರ್ ಕೈಗಿಟ್ಟಳು. “ಫೇಲ್ ಅಲ್ಲ ದಾದಾ, ನಾಳೆಯ ಊಟ. ಯಾವ ಔಷಧಿ ಹೀಗೆ ಮಾತು ಕೇಳಿ ಸೊಪ್ಪನ್ನ ಬಿಡುತ್ತೆ, ಹೇಳಿ?”

ಸರ್ ಕಟ್ಟನ್ನು ಮೂಸಿ ನೋಡಿದರು. “ನಮ್ಮಮ್ಮನೂ ಇದರ ಪಲ್ಯ ಮಾಡೋರು.” ಅಷ್ಟೇ. ಸಂಜೆ ಫೋನ್ ಮಾಡ್ತೀನಿ ಅಂದು ಏರ್‌ಪೋರ್ಟಿಗೆ ಹೊರಟರು. ಸೊಪ್ಪನ್ನು ಬ್ಯಾಗಿಗೆ ತುರುಕಿಕೊಂಡೇ ಹೋದರು!

ಈಗ ಒಲೆಯ ಮೇಲೆ ಮಸ್ಸೊಪ್ಪು. ಮುದ್ದೆ ಗಂಟಾಗಿದೆ, ಇರಲಿ. ವಿವೇಕ ಬಾಲ್ಕನಿಯಲ್ಲಿ, ಫೋನಲ್ಲಿ. ಬೆನ್ನು ಮಾತ್ರ ಕಾಣುತ್ತಿದೆ. “ಹೂಂ ಸರ್... ಹೂಂ...” ಬೆನ್ನು ನೋಡಿ ಏನೂ ಗೊತ್ತಾಗುತ್ತಿಲ್ಲ. “ಆಲೂಗಡ್ಡೆ ಸೀಸನ್‌ಗೆ ಎರಡು ಮಷೀನಾ ಸರ್?”

ಎರಡು!

ತಿರುಗಿದ. ಮುಖ ನೋಡಬೇಕು ಅವನದು, ಅಯ್ಯೋ, ಒಳಗೆ ಓಡಿ ಬರ್ತಿದಾನೆ, ಪೆನ್ನು ಕಿತ್ಕೊ—